ನಿಮಗಿದು ಗೊತ್ತೇ? ಅಕ್ಟೋಬರಿನಲ್ಲಿ ಸೇಲಂಗೆ ಹೊರಟವರಿಗೆ

ಸೇಲಂ ಎಂದ ಕೂಡಲೇ ಮಾವಿನಹಣ್ಣೋ ಉಕ್ಕಿನ ಕಾರ್ಖಾನೆಯೋ ಕಣ್ಣಮುಂದೆ ಬಂದರೆ ತಪ್ಪೇನಿಲ್ಲ. ಆದರೆ ಇಲ್ಲಿ ಹೇಳಹೊರಟಿರುವುದು ತಮಿಳುನಾಡಿನ ಸೇಲಂ ಬಗ್ಗೆ ಅಲ್ಲ. ಇದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ. ಬಾಸ್ಟನ್‌ನಿಂದ ಉತ್ತರಕ್ಕೆ ಸುಮಾರು 26 ಕಿಲೋಮೀಟರ್ ದೂರದಲ್ಲಿ, ಕಡಲಿಗೆ ಅಂಟಿಕೊಂಡಿರುವ ಊರು. 2020ರ ಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 44 ಸಾವಿರ ಚಿಲ್ಲರೆ. ಅಕ್ಟೋಬರ್ ಬಂತೆಂದರೆ ಆ ಒಂದೇ ತಿಂಗಳಲ್ಲಿ ಬಂದುಹೋಗುವವರ ಲೆಕ್ಕ ಹತ್ತು ಲಕ್ಷ ದಾಟುತ್ತದೆ. ಹ್ಯಾಲೋವೀನ್ ನೋಡಬೇಕು ಅಂತ ಅಮೆರಿಕದವರೇ ಹುಡುಕಿಕೊಂಡು ಹೋಗುವ ಊರು ಇದು. ಮಗನ ಮನೆಗೋ ಮಗಳ ಮನೆಗೋ ಬಂದು, ವೀಸಾದ ಆರು ತಿಂಗಳು ಮುಗಿಯುವ ಮೊದಲು ಒಂದು ಹ್ಯಾಲೋವೀನ್ ನೋಡಿಯೇ ಹೋಗೋಣ ಎನ್ನುವ ಅಪ್ಪ-ಅಮ್ಮಂದಿರಿಗೂ ಬಾಸ್ಟನ್ ಸುತ್ತಮುತ್ತಲಿನ ಮನೆಗಳಿಂದ ಇದು ಒಂದು ದಿನದ ಹಾದಿ.

*

ಇಡೀ ತಿಂಗಳು ನಡೆಯುವ ಈ ಉತ್ಸವಕ್ಕೆ 'ಹಾಂಟೆಡ್ ಹ್ಯಾಪನಿಂಗ್ಸ್' ಎಂದು ಹೆಸರು. 1982ರಲ್ಲಿ ಶುರುವಾದಾಗ ಅದು ಒಂದು ವಾರಾಂತ್ಯದ ಕಾರ್ಯಕ್ರಮ, ಅಷ್ಟೇ. ಪ್ರವಾಸಿಗರ ಸುಗ್ಗಿ ಮುಗಿದ ಮೇಲೆ ಪೇಟೆಗೆ ನಾಲ್ಕು ಜನ ಬರಲಿ ಎಂಬ ವ್ಯಾಪಾರಿಗಳ ಲೆಕ್ಕಾಚಾರ. ಈಗ ತಿಂಗಳ ಆರಂಭದ ದೊಡ್ಡ ಮೆರವಣಿಗೆಯಿಂದ 31ರ ರಾತ್ರಿಯವರೆಗೆ ಊರಿಗೆ ಪುರುಸೊತ್ತಿಲ್ಲ.

*

ಈ ಊರಿನ ಹೆಸರಿಗೆ ಅಂಟಿಕೊಂಡದ್ದು 1692ರ ಮಾಟದ ವಿಚಾರಣೆಗಳು. ಆದರೆ ಸೇಲಂನಲ್ಲಿ ಒಬ್ಬಳೇ ಒಬ್ಬ 'ಮಾಟಗಾತಿ'ಯನ್ನೂ ಸುಡಲಿಲ್ಲ. ಬೆಂಕಿಯ ಕಂಬ, ಸೌದೆಯ ರಾಶಿ ಎಲ್ಲ ಸಿನಿಮಾದ ಕೊಡುಗೆ. ಇಂಗ್ಲಿಷ್ ಕಾನೂನಿನಲ್ಲಿ ಮಾಟಕ್ಕೆ ಶಿಕ್ಷೆ ನೇಣು. 1692ರ ಜೂನ್ 10ರಂದು ಬ್ರಿಜೆಟ್ ಬಿಷಪ್ ಎಂಬಾಕೆಯಿಂದ ಮೊದಲಾಗಿ ಸೆಪ್ಟೆಂಬರ್ 22ರ ಒಳಗೆ 19 ಮಂದಿಯನ್ನು ಗಲ್ಲಿಗೇರಿಸಿದರು. ಅವರಲ್ಲಿ 14 ಹೆಂಗಸರು, 5 ಗಂಡಸರು. ಇಪ್ಪತ್ತನೆಯವನು ಜೈಲ್ಸ್ ಕೋರಿ, ಎಂಬತ್ತರ ಆಸುಪಾಸಿನ ರೈತ. ತಪ್ಪಿತಸ್ಥನೋ ಅಲ್ಲವೋ ಎಂದು ಕೋರ್ಟು ಕೇಳಿದ್ದಕ್ಕೆ ಅವನು ಬಾಯಿಯನ್ನೇ ಬಿಡಲಿಲ್ಲ. ಬಾಯಿ ಬಿಡಿಸಲು ಎದೆಯ ಮೇಲೆ ಕಲ್ಲು ಹೇರಿದರು, ಮತ್ತಷ್ಟು ಹೇರಿದರು, ಸೆಪ್ಟೆಂಬರ್ 19ರಂದು ಸತ್ತ. ಮೂರು ದಿನದ ನಂತರ ಅವನ ಹೆಂಡತಿ ಮಾರ್ಥಾಳನ್ನೂ ಗಲ್ಲಿಗೇರಿಸಿದರು.

ಜೈಲಿನಲ್ಲೇ ಸತ್ತವರು ಕನಿಷ್ಠ ಐವರು. ಆರೋಪ ಹೊತ್ತವರು ನೂರೈವತ್ತಕ್ಕೂ ಹೆಚ್ಚು. ಅವರಲ್ಲಿ ಡೊರೊಥಿ ಗುಡ್ ಎಂಬ ಮಗುವಿಗೆ ಆಗ ನಾಲ್ಕೋ ಐದೋ ವರ್ಷ. ಆ ಮಗುವಿಗೂ ಸರಪಳಿ ಹಾಕಿ ತಿಂಗಳುಗಟ್ಟಲೆ ಇಟ್ಟಿದ್ದರು.

*

ಇನ್ನೊಂದು ವಿಚಿತ್ರ. ಒಪ್ಪಿಕೊಂಡವರು ಬದುಕಿದರು, ಇಲ್ಲ ಎಂದವರು ಸತ್ತರು. 'ಹೌದು, ನಾನು ಮಾಟಗಾತಿ' ಎಂದು ಹೇಳಿಕೆ ಕೊಟ್ಟು ಅದಕ್ಕೇ ಅಂಟಿಕೊಂಡ ಯಾರನ್ನೂ ಗಲ್ಲಿಗೆ ಹಾಕಲಿಲ್ಲ. ಗಲ್ಲಿಗೇರಿದ ಅಷ್ಟೂ ಮಂದಿ ಕೊನೆಗೆ ತಾವು ಅದಲ್ಲ ಎಂದೇ ನಿಂತವರು. ಹಾಗಾಗಿ ಸತ್ತವರ ಹೆಸರಿನಲ್ಲಿ ಚೂಪು ಟೋಪಿ, ಪೊರಕೆ ಮಾರುವ ಅಂಗಡಿಗಳ ಸಾಲು ನೋಡಿದಾಗ ಸ್ವಲ್ಪ ಮುಜುಗರವಾಗುವುದು ಸಹಜ. ಟೋಪಿ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಮೊದಲು ಸತ್ತವರ ಸ್ಮಾರಕ ನೋಡಿ, ಆಮೇಲೆ ಅಂಗಡಿಗೆ ಹೋಗಿ.

*

ಅಕ್ಟೋಬರಿಗೂ ಆ ನೇಣುಗಳಿಗೂ ಏನು ಸಂಬಂಧ? ಏನೂ ಇಲ್ಲ. ಅಕ್ಟೋಬರಿನಲ್ಲಿ ಒಂದು ನೇಣೂ ನಡೆಯಲಿಲ್ಲ. ತದ್ವಿರುದ್ಧವಾಗಿ, ಮಾಟದ ವಿಚಾರಣೆ ನಡೆಸುತ್ತಿದ್ದ ವಿಶೇಷ ನ್ಯಾಯಾಲಯಕ್ಕೆ ಗವರ್ನರ್ ವಿಲಿಯಂ ಫಿಪ್ಸ್ ಬಾಗಿಲು ಹಾಕಿಸಿದ್ದು 1692ರ ಅಕ್ಟೋಬರ್ 29ರಂದು, ಹ್ಯಾಲೋವೀನ್‌ಗೆ ಎರಡೇ ದಿನ ಮುಂಚೆ. ಸೇಲಂ ಆ ತಿಂಗಳಲ್ಲಿ ಹಬ್ಬ ಮಾಡಬೇಕಿದ್ದರೆ ಅದಕ್ಕೆ ನಿಜವಾದ ಕಾರಣವೇ ಇದೆ. ಉತ್ಸವದ ಭಿತ್ತಿಚಿತ್ರಗಳಲ್ಲಿ ಮಾತ್ರ ಆ 29ನ್ನು ಯಾರೂ ನೆನೆಯುವುದಿಲ್ಲ.

*

ಆಗಿನ ಸೇಲಂನವರು ಹ್ಯಾಲೋವೀನ್ ಆಚರಿಸುತ್ತಿದ್ದರೇ? ಕೇಳಲೇಬೇಡಿ. ಅವರು ಪ್ಯೂರಿಟನ್ ಪಂಥದವರು, ಕ್ರಿಸ್‌ಮಸ್ಸನ್ನೇ ಬಿಟ್ಟಿರಲಿಲ್ಲ. 1659ರಿಂದ 1681ರವರೆಗೆ ಮ್ಯಾಸಚೂಸೆಟ್ಸಿನಲ್ಲಿ ಕ್ರಿಸ್‌ಮಸ್ ಆಚರಿಸಿ ಸಿಕ್ಕಿಬಿದ್ದವರಿಗೆ ಐದು ಶಿಲಿಂಗ್ ದಂಡ ಇತ್ತು.

*

ಎಲ್ಲ ಶುರುವಾದದ್ದು ಒಬ್ಬ ಪಾದ್ರಿಯ ಮನೆಯಲ್ಲಿ. ಸ್ಯಾಮ್ಯುಯೆಲ್ ಪ್ಯಾರಿಸ್‌ನ ಒಂಬತ್ತು ವರ್ಷದ ಮಗಳು ಬೆಟ್ಟಿ, ಹನ್ನೊಂದರ ಹರೆಯದ ಸೋದರ ಸಂಬಂಧಿ ಅಬಿಗೇಲ್ ಇಬ್ಬರೂ ಮೈ ತಿರುಚಿಕೊಂಡು ಕಿರಿಚತೊಡಗಿದರು. 1692ರ ಫೆಬ್ರವರಿಯಲ್ಲಿ ನೆರೆಯಾಕೆಯೊಬ್ಬಳು ಪರಿಹಾರ ಸೂಚಿಸಿದಳು: ರೈ ಹಿಟ್ಟಿಗೆ ಆ ಮಕ್ಕಳ ಮೂತ್ರ ಕಲಸಿ ರೊಟ್ಟಿ ಸುಟ್ಟು ನಾಯಿಗೆ ತಿನ್ನಿಸುವುದು, ಮಾಟ ಮಾಡಿದವರು ಯಾರೆಂದು ಆಗ ಗೊತ್ತಾಗುತ್ತದೆ ಎಂದು. ಮನೆಯ ಗುಲಾಮರಾದ ಟಿಟೂಬಾ ಮತ್ತು ಜಾನ್ ರೊಟ್ಟಿ ಸುಟ್ಟರು. ಮಾಟ ಪತ್ತೆ ಮಾಡಲು ಮಾಟವನ್ನೇ ಮಾಡಿದರೆಂದು ಪಾದ್ರಿ ಕೆಂಡವಾದ. ರೊಟ್ಟಿಯ ಉಪಾಯ ಹೇಳಿದಾಕೆ ಮೇರಿ ಸಿಬ್ಲಿ ಚರ್ಚಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು ಪಾರಾದಳು. ಸುಟ್ಟುಕೊಟ್ಟ ಟಿಟೂಬಾ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದಳು.

ಆ ಜೈಲಿನಲ್ಲಿ ಅನ್ನಕ್ಕೂ ಸರಪಳಿಗೂ ಕೈದಿಯೇ ದುಡ್ಡು ಕೊಡಬೇಕು. ಲಿಡಿಯಾ ಡಸ್ಟಿನ್ ಎಂಬ ಮುದುಕಿ ಖುಲಾಸೆಯಾದಳು. ಆದರೆ ಜೈಲಿನ ಬಾಕಿ ಕಟ್ಟಲು ಕೈಲಿ ಕಾಸಿಲ್ಲದೆ 1693ರ ಮಾರ್ಚಿನಲ್ಲಿ ಒಳಗೇ ಸತ್ತಳು.

*

ರೈ ಕಾಳಿಗೆ ಬರುವ ಎರ್ಗಾಟ್ ಶಿಲೀಂಧ್ರದ ವಿಷವೇ ಆ ಹುಡುಗಿಯರ ತಲೆ ಕೆಡಿಸಿತ್ತು ಎಂಬ ವಾದ ದೆವ್ವದ ಟೂರುಗಳಲ್ಲಿ ಈಗಲೂ ಕಿವಿಗೆ ಬೀಳುತ್ತದೆ. ಲಿಂಡಾ ಕ್ಯಾಪೊರೇಲ್ 'ಸೈನ್ಸ್' ಪತ್ರಿಕೆಯಲ್ಲಿ ಅದನ್ನು ಮಂಡಿಸಿದ್ದು 1976ರಲ್ಲಿ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅದನ್ನು ಬಲವಾಗಿ ಅಲ್ಲಗಳೆದರು. ಆ ಎರಡನೆಯ ಲೇಖನವನ್ನು ಗೈಡುಗಳು ಹೇಳುವುದು ಅಪರೂಪ. ಎರ್ಗಾಟ್ ನಮಗೂ ಹೊಸದಲ್ಲ. ಅದರ ಒಂದು ಬಗೆ ಸಜ್ಜೆಯ ತೆನೆಗೂ ತಗಲುತ್ತದೆ.

*

ಈಗ ಹೋಗುವ ದಾರಿ. ಕಾರನ್ನು ಮರೆತುಬಿಡಿ. ಅಕ್ಟೋಬರಿನ ಶನಿವಾರ ಮಧ್ಯಾಹ್ನದ ಮೊದಲೇ ಪಾರ್ಕಿಂಗ್ ಭರ್ತಿ. ರೈಲಿನಲ್ಲಿ ಬನ್ನಿ ಎಂದು ನಗರಸಭೆಯೇ ಅಂಗಲಾಚುತ್ತದೆ. ಬಾಸ್ಟನ್‌ನ ನಾರ್ತ್ ಸ್ಟೇಷನ್ನಿನಿಂದ ನ್ಯೂಬರಿಪೋರ್ಟ್-ರಾಕ್‌ಪೋರ್ಟ್ ಮಾರ್ಗದ ರೈಲು ಹಿಡಿದರೆ ಅರ್ಧ ಗಂಟೆಯಲ್ಲಿ ಸೇಲಂ. ಇಳಿದು ಹತ್ತು ನಿಮಿಷ ನಡೆದರೆ ಎಸೆಕ್ಸ್ ಸ್ಟ್ರೀಟ್, ಊರಿನ ನಡುಬೀದಿ.

ಇಲ್ಲೊಂದು ಎಡವಟ್ಟು ಕಾದಿದೆ. ನ್ಯೂಯಾರ್ಕಿನಿಂದ ಬರುವ ಆಮ್‌ಟ್ರಾಕ್ ರೈಲು ನಿಲ್ಲುವುದು ಸೌತ್ ಸ್ಟೇಷನ್ನಿನಲ್ಲಿ. ಬಾಸ್ಟನ್‌ನ ಈ ಎರಡು ನಿಲ್ದಾಣಗಳ ನಡುವೆ ನೇರ ರೈಲೇ ಇಲ್ಲ. ಸಾಮಾನು ಹೊತ್ತು ಮೆಟ್ರೊ ಬದಲಿಸಿಕೊಂಡೋ ಟ್ಯಾಕ್ಸಿ ಹಿಡಿದೋ ನಾರ್ತ್ ಸ್ಟೇಷನ್ ಸೇರಬೇಕು. ಆ ಸಮಯವನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ ಸೇಲಂ ರೈಲು ಕೈತಪ್ಪುತ್ತದೆ.

ಕಡಲ ಗಾಳಿ ಬೇಕೆನ್ನುವವರಿಗೆ ಬಾಸ್ಟನ್‌ನ ಲಾಂಗ್ ವಾರ್ಫ್‌ನಿಂದ ಬೋಟು ಇದೆ, ಗಂಟೆಯೊಳಗೆ ಮುಟ್ಟಿಸುತ್ತದೆ. ಬೋಟಿನ ಹೆಸರು ನಥಾನಿಯೆಲ್ ಬೌಡಿಚ್. ಸೇಲಂನಲ್ಲೇ ಹುಟ್ಟಿದ ಈ ಮಹಾಶಯ 1802ರಲ್ಲಿ ಬರೆದ ನೌಕಾಯಾನದ ಕೈಪಿಡಿ ಪರಿಷ್ಕಾರಗೊಳ್ಳುತ್ತಾ ಇಂದಿಗೂ ಅಮೆರಿಕದ ಹಡಗುಗಳಲ್ಲಿ ಬಳಕೆಯಲ್ಲಿದೆ.

*

ತಂಗಲು ಊರೊಳಗೆ ಕೋಣೆ ಬೇಕೇ? ಮುಂದಿನ ಅಕ್ಟೋಬರಿಗೆ ಈ ಅಕ್ಟೋಬರಿನಲ್ಲೇ ಹುಡುಕುವವರಿದ್ದಾರೆ. ಇಲ್ಲದಿದ್ದರೆ ಬಾಸ್ಟನ್‌ನಲ್ಲೇ ಉಳಿದು ರೈಲಿನಲ್ಲಿ ಬಂದುಹೋಗುವುದು ಜಾಣತನ. ಮ್ಯೂಸಿಯಂಗಳಿಗೆ ನಿಗದಿತ ಹೊತ್ತಿನ ಟಿಕೆಟ್ ಇರುತ್ತದೆ. ಕೌಂಟರಿನೆದುರು ನಿಂತು ಕೇಳಿದರೆ 'ಇವತ್ತಿನದು ಮುಗಿಯಿತು' ಎಂಬ ಉತ್ತರ ಸಿಗುವುದೇ ಹೆಚ್ಚು. ನನ್ನನ್ನು ಕೇಳಿದರೆ, ತಿಂಗಳ ಮೊದಲ ಅಥವಾ ಎರಡನೆಯ ವಾರದ ಮಂಗಳವಾರವೋ ಬುಧವಾರವೋ ಸರಿ. ಎಲೆಗಳು ಕೆಂಪಾಗತೊಡಗಿರುತ್ತವೆ, ವೇಷ ಹಾಕಿದವರೂ ಸಿಗುತ್ತಾರೆ, ಹೋಟೆಲಿನಲ್ಲಿ ಕುರ್ಚಿಯೂ ಸಿಗುತ್ತದೆ. 31ರಂದೇ ಹೋಗಬೇಕೆಂಬ ಹಠ ಇದ್ದವರಿಗೆ ಎಳ್ಳು ಹಾಕಿದರೆ ಕೆಳಗೆ ಬೀಳದ ಜನಸಂದಣಿಯನ್ನು ನೋಡಿದ ಪುಣ್ಯವಂತೂ ಗ್ಯಾರಂಟಿ.

*

ಚಾರ್ಟರ್ ಸ್ಟ್ರೀಟ್ ಸ್ಮಶಾನದ ಪಕ್ಕದಲ್ಲಿರುವ ಸ್ಮಾರಕ ದುಡ್ಡಿಲ್ಲದೆ ನೋಡಬಹುದಾದದ್ದು, ಗದ್ದಲದಲ್ಲಿ ಬಹಳ ಮಂದಿ ಗಮನಿಸದೆ ದಾಟಿಹೋಗುವಂಥದ್ದು. ಘಟನೆಯ ಮುನ್ನೂರನೆಯ ವರ್ಷವಾದ 1992ರಲ್ಲಿ ಇದನ್ನು ಲೋಕಾರ್ಪಣೆ ಮಾಡಿದವರು ನಾಜಿ ಶಿಬಿರದಿಂದ ಬದುಕಿ ಬಂದ ಎಲೀ ವೀಸೆಲ್. ಸುತ್ತ ಒರಟು ಕಲ್ಲಿನ ಗಿಡ್ಡ ಗೋಡೆ. ಗೋಡೆಯಿಂದ ಹೊರಚಾಚಿದ 20 ಗ್ರಾನೈಟ್ ಹಲಗೆಗಳು, ಒಂದೊಂದರ ಮೇಲೆ ಒಂದೊಂದು ಹೆಸರು, ಕೊಂದ ಬಗೆ, ಕೊಂದ ದಿನ. ಅಷ್ಟೇ; ಕಥೆಯಿಲ್ಲ, ಚಿತ್ರವಿಲ್ಲ.

ಒಳಗೆ ಕಾಲಿಡುವ ಮುನ್ನ ನೆಲ ನೋಡಿ. ಹೊಸ್ತಿಲಿನ ಕಲ್ಲುಗಳ ಮೇಲೆ, ಸತ್ತವರು ವಿಚಾರಣೆಯಲ್ಲಿ ತಾವು ನಿರಪರಾಧಿಗಳೆಂದು ಹೇಳಿದ ಮಾತುಗಳನ್ನು ಕೆತ್ತಿದ್ದಾರೆ. ಸಾಲು ಮುಂದುವರಿಯುತ್ತಾ ಹೋಗಿ ಗೋಡೆಯ ಬುಡ ಸೇರುತ್ತದೆ, ಮಾತು ಅರ್ಧಕ್ಕೇ ಕಲ್ಲಿನಡಿಗೆ ಸಿಕ್ಕಿ ನಿಲ್ಲುತ್ತದೆ. ಕೋರ್ಟಿನಲ್ಲಿ ಆದದ್ದೂ ಅದೇ. ವಿನ್ಯಾಸಕಾರರು ಒಂದು ಅಕ್ಷರ ವಿವರಣೆ ಬರೆಯದೆ ಅದನ್ನು ತೋರಿಸಿಬಿಟ್ಟಿದ್ದಾರೆ. ಅಕ್ಟೋಬರಿನಲ್ಲಿ ಆ ಹಲಗೆಗಳ ಮೇಲೆ ಹೂವು, ನಾಣ್ಯ ಇಟ್ಟುಹೋಗುವವರಿದ್ದಾರೆ. ಬೆಂಚು ಎಂದುಕೊಂಡು ಅದರ ಮೇಲೆ ಕುಳಿತು ಸ್ಯಾಂಡ್‌ವಿಚ್ ಬಿಚ್ಚುವವರಿಗೂ ಕೊರತೆಯಿಲ್ಲ.

*

ಪಕ್ಕದ ಸ್ಮಶಾನ 1637ರದ್ದು. ಗಲ್ಲಿಗೇರಿದವರ ಗೋರಿ ಅಲ್ಲಿ ಹುಡುಕಬೇಡಿ, ಒಂದೂ ಇಲ್ಲ. ವಿಚಾರಣೆ ನಡೆಸಿದ ಜಾನ್ ಹಾಥೋರ್ನ್‌ನ ಗೋರಿ ಇದೆ! ಮತ್ತೊಬ್ಬ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಲ್ 1697ರಲ್ಲಿ ಬಾಸ್ಟನ್‌ನ ಚರ್ಚಿನಲ್ಲಿ ಎದ್ದುನಿಂತು, ತನ್ನ ತಪ್ಪೊಪ್ಪಿಗೆಯನ್ನು ಸಭೆಯೆದುರು ಓದಿಸಿದ. ಹಾಥೋರ್ನ್ ಅಂಥದ್ದೇನೂ ಮಾಡಿದ ದಾಖಲೆಯಿಲ್ಲ. ಅವನ ವಂಶದಲ್ಲಿ ಮುಂದೆ 1804ರಲ್ಲಿ ಇದೇ ಊರಿನಲ್ಲಿ ಹುಟ್ಟಿದವನೇ ಕಾದಂಬರಿಕಾರ ನಥಾನಿಯೆಲ್ ಹಾಥಾರ್ನ್, 'ದಿ ಸ್ಕಾರ್ಲೆಟ್ ಲೆಟರ್' ಬರೆದವನು. ಮನೆತನದ ಹೆಸರಿಗೆ ಒಂದು ಅಕ್ಷರ ಸೇರಿಸಿಕೊಂಡು ಬರೆಯತೊಡಗಿದ. ಮುತ್ತಜ್ಜನ ಅಪ್ಪನಿಂದ ದೂರವಿರಲೆಂದೇ ಹಾಗೆ ಮಾಡಿದ ಎಂದು ಊರವರ ನಂಬಿಕೆ.

*

ನೇಣು ಹಾಕಿದ ಜಾಗ ಯಾವುದು? ಅದು ಖಚಿತವಾದದ್ದು 2016ರಲ್ಲಿ! ಬಹುಕಾಲ ಜನ ಗ್ಯಾಲೋಸ್ ಹಿಲ್‌ನ ತುದಿಯತ್ತ ಕೈತೋರಿಸುತ್ತಿದ್ದರು. ಹಳೆಯ ಸಾಕ್ಷ್ಯಗಳನ್ನು ಕೆದಕಿ, ಯಾವ ಮನೆಯಿಂದ ನೋಡಿದರೆ ಯಾವ ಜಾಗ ಕಾಣುತ್ತದೆ ಎಂದು ನಕ್ಷೆಯಲ್ಲಿ ತಾಳೆ ಹಾಕಿದ ಸಂಶೋಧಕರು ಗುಡ್ಡದ ಬುಡದ ಪ್ರಾಕ್ಟರ್ಸ್ ಲೆಡ್ಜ್ ಎಂಬ ಬಂಡೆಗೆ ಬಂದು ನಿಂತರು. ಈಗ ಅದು ಮನೆಗಳ ನಡುವೆ, ಔಷಧದ ಅಂಗಡಿಯೊಂದರ ಹಿಂದೆ ಇದೆ. 2017ರ ಜುಲೈ 19ರಂದು ಅಲ್ಲೂ ಒಂದು ಸಣ್ಣ ಸ್ಮಾರಕ ಎದ್ದಿತು. ಆ ತಾರೀಕು ಸುಮ್ಮನೆ ಆರಿಸಿದ್ದಲ್ಲ: 1692ರ ಅದೇ ದಿನ ಎಪ್ಪತ್ತೊಂದು ವರ್ಷದ ರೆಬೆಕಾ ನರ್ಸ್ ಸೇರಿ ಐವರನ್ನು ಅಲ್ಲಿ ಕೊಂದಿದ್ದರು.

*

ಪಾದ್ರಿ ಪ್ಯಾರಿಸ್‌ನ ಮನೆ ಸೇಲಂ ನಗರದಲ್ಲಿ ಸಿಗುವುದಿಲ್ಲ. ಅದಿದ್ದದ್ದು ಸೇಲಂ ವಿಲೇಜ್‌ನಲ್ಲಿ. ಆ ಹಳ್ಳಿ 1752ರಲ್ಲಿ ಬೇರೆಯಾಗಿ ಈಗ ಡ್ಯಾನ್ವರ್ಸ್ ಎಂಬ ಪಕ್ಕದ ಊರು. 1970ರಲ್ಲಿ ಅಗೆದು ತೆಗೆದ ಆ ಮನೆಯ ಅಡಿಪಾಯ, ರೆಬೆಕಾ ನರ್ಸ್‌ಳ ತೋಟದ ಮನೆ ಎರಡೂ ಅಲ್ಲಿವೆ. ಅಪಕೀರ್ತಿಯನ್ನು ಹೆಸರಿನ ಸಮೇತ ನಗರಕ್ಕೆ ಬಿಟ್ಟುಕೊಟ್ಟು ಡ್ಯಾನ್ವರ್ಸ್ ತಣ್ಣಗಿದೆ, ಅಕ್ಟೋಬರಿನಲ್ಲೂ.

*

ಕಪ್ಪು ಬಣ್ಣದ 'ವಿಚ್ ಹೌಸ್' ಮುಂದೆ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಲ್ಲಿದ್ದವನು ನ್ಯಾಯಾಧೀಶ ಜೊನಾಥನ್ ಕಾರ್ವಿನ್. ಆ ವಿಚಾರಣೆಗಳೊಂದಿಗೆ ನೇರ ನಂಟಿರುವ, ಸೇಲಂನಲ್ಲಿ ಇನ್ನೂ ನಿಂತಿರುವ ಒಂದೇ ಕಟ್ಟಡ ಇದು. ಅದೂ ನಿಂತ ಜಾಗದಲ್ಲಿ ನಿಂತಿಲ್ಲ. 1940ರ ದಶಕದಲ್ಲಿ ರಸ್ತೆ ಅಗಲ ಮಾಡುವಾಗ ಇಡೀ ಮನೆಯನ್ನೇ ಸುಮಾರು 35 ಅಡಿ ಹಿಂದಕ್ಕೆ ಸರಿಸಿದ್ದಾರೆ.

ಸೇಲಂ ವಿಚ್ ಮ್ಯೂಸಿಯಂ ಎದುರಿನ ನಿಲುವಂಗಿ, ದೊಡ್ಡ ಟೋಪಿಯ ಕಂಚಿನ ಆಕೃತಿಯನ್ನು ಮಾಟಗಾರನೆಂದು ತಿಳಿದು ಪಕ್ಕದಲ್ಲಿ ನಿಂತು ಹಲ್ಲು ಕಿರಿಯುವವರ ಸಾಲೇ ಇರುತ್ತದೆ. ಪಾಪ, ಅದು 1626ರಲ್ಲಿ ಊರನ್ನು ಕಟ್ಟಿದ ರೋಜರ್ ಕೊನಂಟ್. ಮಾಟಕ್ಕೂ ಅವನಿಗೂ ಸಂಬಂಧವಿಲ್ಲ, ಸಾಯುವಾಗ ಇನ್ನೂ 1679. ಮ್ಯೂಸಿಯಂ ಬಗ್ಗೆಯೂ ಒಂದು ಮಾತು: ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ವಸ್ತು ನೋಡುವ ಆಸೆಯಿಂದ ಹೋಗಬೇಡಿ. ಹಳೆಯ ಚರ್ಚಿನ ಕತ್ತಲಲ್ಲಿ ಗೊಂಬೆಗಳ ಮೇಲೆ ಬೆಳಕು ಬೀಳುತ್ತಾ ಧ್ವನಿಮುದ್ರಿತ ಕಥೆ ಕೇಳಿಸುವ ಪ್ರದರ್ಶನ ಅದು, 1972ರಿಂದ ನಡೆದಿದೆ. ಮಕ್ಕಳಿಗೆ ಹಿಡಿಸಬಹುದು.

*

ಗಂಭೀರ ಊರು ಮಾಟದ ಊರಾದದ್ದು ಹೇಗೆ? ದೊಡ್ಡ ಪಾಲು ಟಿವಿಯದು. 1970ರಲ್ಲಿ 'ಬಿವಿಚ್ಡ್' ಹಾಸ್ಯ ಧಾರಾವಾಹಿಯ ಹಾಲಿವುಡ್ ಸೆಟ್ಟಿಗೆ ಬೆಂಕಿ ಬಿತ್ತು, ತಂಡ ಸೇಲಂಗೆ ಬಂದು ಕೆಲವು ಕಂತು ಚಿತ್ರೀಕರಿಸಿತು. ಪ್ರವಾಸಿಗಳು ಹಿಂದೆಯೇ ಬಂದರು. 2005ರಲ್ಲಿ ನಾಯಕಿ ಸಮಾಂತಾ ಪೊರಕೆಯೇರಿ ಕುಳಿತ ಪ್ರತಿಮೆಯನ್ನು ನಡು ಊರಿನಲ್ಲೇ ನಿಲ್ಲಿಸಿದಾಗ ಊರು ಎರಡು ಪಾಲಾಗಿ ಜಗಳವಾಡಿತು. ನೇಣಿಗೇರಿದವರ ಊರಿನಲ್ಲಿ ಇದೇನು ತಮಾಷೆ ಎಂಬುದು ಒಂದು ಪಾಲಿನವರ ಕೋಪ. ಪ್ರತಿಮೆ ಉಳಿಯಿತು, ಈಗ ಅದರೆದುರು ಫೋಟೊಗೆ ಸರದಿ ನಿಲ್ಲಬೇಕು.

'ಹೋಕಸ್ ಪೋಕಸ್' ಸಿನಿಮಾದ ಕೆಲವು ದೃಶ್ಯಗಳೂ ಇಲ್ಲಿನವೇ. ಹ್ಯಾಲೋವೀನ್ ಕಥೆಯ ಆ ಚಿತ್ರವನ್ನು ಡಿಸ್ನಿ ಬಿಡುಗಡೆ ಮಾಡಿದ್ದು 1993ರ ಜುಲೈ ತಿಂಗಳಲ್ಲಿ! ಆಗ ಓಡಲಿಲ್ಲ, ಟಿವಿಯಲ್ಲಿ ಬಂದು ಬಂದು ಗೆದ್ದಿತು. ಚಿತ್ರದಲ್ಲಿ ಅಲಿಸನ್ ಎಂಬ ಹುಡುಗಿಯ ಮನೆ ಎಂದರೆ ರೋಪ್ಸ್ ಮ್ಯಾನ್ಷನ್. ಅದರ ಹಿತ್ತಲಿನ ಹೂದೋಟ ಅಕ್ಟೋಬರಿನ ಗದ್ದಲದಿಂದ ಹತ್ತು ನಿಮಿಷ ತಪ್ಪಿಸಿಕೊಳ್ಳಲು ಒಳ್ಳೆಯ ಜಾಗ. ನಾಯಕ ಹುಡುಗನ ಮನೆ ಮಾತ್ರ ಜನ ವಾಸವಿರುವ ಖಾಸಗಿ ಮನೆ, ಕಿಟಕಿಯಲ್ಲಿ ಇಣುಕಬೇಡಿ.

*

ಪೊಲೀಸ್ ಕಾರಿನ ಬಾಗಿಲ ಮೇಲೆ ಪೊರಕೆಯ ಮಾಟಗಾತಿ. ಹೈಸ್ಕೂಲ್ ತಂಡಕ್ಕೆ 'ವಿಚಸ್' ಎಂದೇ ಹೆಸರು. 'ವಿಚ್‌ಕ್ರಾಫ್ಟ್ ಹೈಟ್ಸ್' ಎಂಬ ಪ್ರಾಥಮಿಕ ಶಾಲೆಯೂ ಇದೆ.

*

ಮಾಟಗಾತಿಯನ್ನು ಮೊದಲು ಮಾರಿದ್ದು ಟಿವಿಯೂ ಅಲ್ಲ, ಒಬ್ಬ ಆಭರಣದ ವ್ಯಾಪಾರಿ. ಡೇನಿಯಲ್ ಲೋ ಎಂಬಾತ 1890ರ ಆಸುಪಾಸಿನಲ್ಲಿ ಹಿಡಿಕೆಯ ಮೇಲೆ ಮಾಟಗಾತಿಯಿರುವ ಬೆಳ್ಳಿ ಚಮಚ ಮಾಡಿಸಿದ. ಅಮೆರಿಕದಲ್ಲಿ ಊರೂರಿನ ನೆನಪಿಗೆ ಚಮಚ ಕೂಡಿಡುವ ಹುಚ್ಚು ಹಬ್ಬಿಸಿದವುಗಳಲ್ಲಿ ಅದೂ ಒಂದು. ಇನ್ನು ದೆವ್ವ ಕರೆಯುವ ಊಯಿಜಾ ಬೋರ್ಡ್: 1966ರಲ್ಲಿ ಅದರ ಹಕ್ಕು ಕೊಂಡು ತಯಾರಿಸತೊಡಗಿದ ಪಾರ್ಕರ್ ಬ್ರದರ್ಸ್ ಸೇಲಂನದೇ ಕಂಪನಿಯಾಗಿತ್ತು. ನಮ್ಮ ಮಕ್ಕಳು ರಜೆಯಲ್ಲಿ ಜಗಳವಾಡುತ್ತಾ ಆಡುವ ಮೊನೊಪೊಲಿ ಕೂಡ 1935ರಲ್ಲಿ ಇದೇ ಕಂಪನಿಯಿಂದ ಬಂದದ್ದು.

*

ಇವತ್ತಿನ ಸೇಲಂನಲ್ಲಿ ನಿಜವಾಗಿ ತಮ್ಮನ್ನು ಮಾಟಗಾತಿಯರೆಂದು ಕರೆದುಕೊಳ್ಳುವವರಿದ್ದಾರೆ. ಇದು ವಿಕ್ಕಾ ಮುಂತಾದ ಹೊಸಕಾಲದ ಪಂಥ. 1692ರವರಿಗೂ ಇವರಿಗೂ ನಂಟಿಲ್ಲ. ಲಾರಿ ಕ್ಯಾಬಟ್ ಎಂಬಾಕೆ 1970ರ ಸುಮಾರಿಗೆ ಅಂಗಡಿ ತೆರೆದರು, 1977ರಲ್ಲಿ ಗವರ್ನರ್ ಮೈಕೆಲ್ ಡುಕಾಕಿಸ್ ಅವರಿಗೆ ಸೇಲಂನ ಅಧಿಕೃತ ಮಾಟಗಾತಿ ಎಂಬ ಬಿರುದನ್ನೇ ಕೊಟ್ಟರು. ಇವರಿಗೆ ಅಕ್ಟೋಬರ್ 31 ವೇಷದ ದಿನವಲ್ಲ, ಸತ್ತವರನ್ನು ನೆನೆಯುವ ಸಾವಿನ್ ಹಬ್ಬ. ಅಂಗಡಿಯಲ್ಲಿ ಕಪ್ಪು ನಿಲುವಂಗಿಯಲ್ಲಿ ಕುಳಿತವರನ್ನು 'ಒಳ್ಳೇ ವೇಷ' ಎಂದು ಹೊಗಳುವ ಮುನ್ನ ಎರಡು ಸಲ ಯೋಚಿಸಿ.

*

'ಹ್ಯಾಲೋವೀನ್‌ನ ಜಾಗತಿಕ ರಾಜಧಾನಿ' ಎಂದು ಹೇಳಿಕೊಳ್ಳುವುದು ಸೇಲಂ ಅಲ್ಲ, ಮಿನೆಸೋಟದ ಅನೋಕಾ. ಹ್ಯಾಲೋವೀನ್ ರಾತ್ರಿ ಹುಡುಗರು ದನಗಳನ್ನು ಪೇಟೆಗೆ ಬಿಟ್ಟು ಮಾಡುತ್ತಿದ್ದ ಪುಂಡಾಟ ತಪ್ಪಿಸಲು ಅಲ್ಲಿನ ಹಿರಿಯರು 1920ರಲ್ಲಿ ಮೆರವಣಿಗೆ ಶುರುಮಾಡಿದರು.

ಮುಖ ಕೊರೆದು ದೀಪ ಇಡುವ ತರಕಾರಿಯೂ ಮೊದಲು ಸಿಹಿಗುಂಬಳ ಆಗಿರಲಿಲ್ಲ. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರು, ಅಮೆರಿಕಕ್ಕೆ ವಲಸೆ ಬಂದ ಮೇಲೆ ದೊಡ್ಡದೂ ಮೆತ್ತಗೂ ಇರುವ ಕುಂಬಳ ಸಿಕ್ಕಿತು. ಹೊಸ ಮನೆ ಕಟ್ಟುವಾಗ ದೃಷ್ಟಿಗೆಂದು ಕೋರೆಹಲ್ಲು, ಮೀಸೆ ಬರೆದ ಬೂದುಗುಂಬಳ ತೂಗುಹಾಕುವ ನಮಗೆ ಆ ಹೊಸ್ತಿಲಿನ ಕುಂಬಳ ಅಪರಿಚಿತ ಅನ್ನಿಸುವುದಿಲ್ಲ.

*

ಈಗ ಸೇಲಂನಲ್ಲಿ ಅಚ್ಚರಿಪಡಬೇಕಾದ ನಿಜವಾದ ಸಂಗತಿ. ಅದಕ್ಕೆ ದೆವ್ವದ ಟೂರಿನವರು ಕೈಹಾಕುವುದೇ ಇಲ್ಲ. ಈ ಊರಿನ ಮುದ್ರೆಯ ಮೇಲೆ ಪೊರಕೆ ಇಲ್ಲ. ಕೊಡೆ ಹಿಡಿದ ಸುಮಾತ್ರಾದ ಮನುಷ್ಯ, ಹಿಂದೆ ಹಡಗು, ಸಂಪದ್ಭರಿತ ಇಂಡೀಸಿನ ಕೊನೆಯ ರೇವಿನವರೆಗೂ ಎಂಬರ್ಥದ ಲ್ಯಾಟಿನ್ ಮಾತು, ಇದು 1839ರಲ್ಲಿ ಅಂಗೀಕರಿಸಿದ ಮುದ್ರೆ. ಊರಿಗೆ ಹಣ ಬಂದದ್ದು ಮೆಣಸಿನಿಂದ. 1797ರಲ್ಲಿ ಕ್ಯಾಪ್ಟನ್ ಜೊನಾಥನ್ ಕಾರ್ನ್ಸ್ 'ರಾಜಾ' ಎಂಬ ಹಡಗಿನಲ್ಲಿ ಸುಮಾತ್ರಾದಿಂದ ಕರಿಮೆಣಸು ತುಂಬಿಕೊಂಡು ಬಂದ, ಹೂಡಿದ್ದಕ್ಕೆ ಏಳು ಪಟ್ಟು ಲಾಭ ಬಂತೆಂದು ಹೇಳುತ್ತಾರೆ. ಆಮೇಲೆ ಕೇಳಬೇಕೇ, ಊರಿನ ಹಡಗುಗಳೆಲ್ಲ ಆ ದಿಕ್ಕಿಗೆ.

ಗುಡ್ ಹೋಪ್ ಭೂಶಿರವನ್ನೋ ಹಾರ್ನ್ ಭೂಶಿರವನ್ನೋ ದಾಟಿದ ಕ್ಯಾಪ್ಟನ್ನುಗಳು, ಸರಕು ಉಸ್ತುವಾರಿಗಳು ಮಾತ್ರ ಸೇರಬಹುದಾದ ಈಸ್ಟ್ ಇಂಡಿಯಾ ಮರೀನ್ ಸೊಸೈಟಿ 1799ರಲ್ಲಿ ಹುಟ್ಟಿತು. ದೂರದಿಂದ ತಂದ ವಿಚಿತ್ರ ವಸ್ತುಗಳನ್ನು ಕೂಡಿಡುವುದು ಅದರ ನಿಯಮವೇ ಆಗಿತ್ತು. 1804ರಲ್ಲಿ ಇವರ ಮೆರವಣಿಗೆಯನ್ನು ಪಾದ್ರಿ ವಿಲಿಯಂ ಬೆಂಟ್ಲಿ ತನ್ನ ದಿನಚರಿಯಲ್ಲಿ ವರ್ಣಿಸಿದ್ದಾನೆ: ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೂರ್ವದೇಶದ ವಸ್ತು, ನಡುವೆ ಪಲ್ಲಕ್ಕಿ, ಅದನ್ನು ಹೊತ್ತವರು ಭಾರತೀಯ ಉಡುಪಿನ ಕಪ್ಪು ಜನ, ಮುಂದೆ ಮುಖವಾಡ ಹಾಕಿದ ಚೀನೀ ವೇಷದವನು. ಸೇಲಂ ಬೀದಿಯಲ್ಲಿ ವೇಷದ ಮೆರವಣಿಗೆ ಹೊರಡಲು ಹ್ಯಾಲೋವೀನೇ ಬೇಕಿರಲಿಲ್ಲ ನೋಡಿ. ಇದೇ ಬೆಂಟ್ಲಿ 1790ರ ಡಿಸೆಂಬರಿನಲ್ಲಿ ಮದರಾಸಿನಿಂದ ಹಡಗಿನಲ್ಲಿ ಬಂದಿದ್ದ ಒಬ್ಬ ಭಾರತೀಯನನ್ನು ಊರಿನಲ್ಲಿ ಕಂಡದ್ದನ್ನೂ ಬರೆದಿಟ್ಟಿದ್ದಾನೆ. ಕಪ್ಪು ಮೈಬಣ್ಣ, ಉದ್ದ ಕೂದಲು, ಸೌಮ್ಯ ಮುಖ ಎಂದಿದ್ದಾನೆ, ಹೆಸರು ಬರೆದಿಲ್ಲ.

ಆನೆಯ ಕಥೆ ಇನ್ನೂ ಸೊಗಸು. ಅಮೆರಿಕದ ನೆಲಕ್ಕೆ ಮೊದಲ ಜೀವಂತ ಆನೆಯನ್ನು ತಂದದ್ದು ಸೇಲಂನ ಕ್ಯಾಪ್ಟನ್ ಜೇಕಬ್ ಕ್ರೌನಿನ್‌ಶೀಲ್ಡ್. ಕಲ್ಕತ್ತೆಯಲ್ಲಿ 450 ಡಾಲರಿಗೆ ಕೊಂಡ ಮರಿ, 'ಅಮೆರಿಕಾ' ಎಂಬ ಹಡಗಿನಲ್ಲಿ 1796ರ ಏಪ್ರಿಲಿನಲ್ಲಿ ನ್ಯೂಯಾರ್ಕಿಗೆ ಇಳಿಯಿತು. ಆ ಹಡಗಿನ ದಿನಚರಿ ಬರೆಯುತ್ತಿದ್ದವನು ಕಾದಂಬರಿಕಾರ ಹಾಥಾರ್ನ್‌ನ ಅಪ್ಪ! ದಾರಿಯಲ್ಲಿ ಸೇಂಟ್ ಹೆಲೀನಾ ದ್ವೀಪದಲ್ಲಿ ಕುಂಬಳಕಾಯಿ, ಕೋಸು, ಹಸಿ ಮೀನು, ಜೊತೆಗೆ ಆನೆಗೆ ಸೊಪ್ಪು ಹತ್ತಿಸಿಕೊಂಡದ್ದನ್ನು ಅವನು ದಾಖಲಿಸಿದ್ದಾನೆ. ಮರುವರ್ಷ ಆನೆಯನ್ನು ಊರೂರು ತಿರುಗಿಸಿ ತೋರಿಸುತ್ತಾ ಸೇಲಂಗೂ ತಂದರು. ಆಗಿನ ಕರಪತ್ರದಲ್ಲಿ ಒಂದು ಎಚ್ಚರಿಕೆ ಇತ್ತು: ಈ ಪ್ರಾಣಿ ಹಲವರ ಮಹತ್ವದ ಕಾಗದಪತ್ರಗಳನ್ನು ಹಾಳುಮಾಡಿದೆ, ಅಂಥವನ್ನು ಹಿಡಿದುಕೊಂಡು ಹತ್ತಿರ ಬರಬೇಡಿ.

ಆ ಸೊಸೈಟಿಯ ಸಂಗ್ರಹವೇ ಬೆಳೆದು ಈಗಿನ ಪೀಬಡಿ ಎಸೆಕ್ಸ್ ಮ್ಯೂಸಿಯಂ. ಎಸೆಕ್ಸ್ ಸ್ಟ್ರೀಟಿನ ಚೀರಾಟದ ನಡುವೆಯೇ ಅದರ ಬಾಗಿಲು. ಎಂ.ಎಫ್. ಹುಸೇನ್ ಆದಿಯಾಗಿ ಆಧುನಿಕ ಭಾರತೀಯ ಚಿತ್ರಕಲೆಯ ಹರ್ವಿಟ್ಜ್ ಸಂಗ್ರಹ ಇಲ್ಲಿಯದು, ಭಾರತದ ಹೊರಗಿನ ದೊಡ್ಡ ಸಂಗ್ರಹಗಳಲ್ಲೊಂದು. ಚೀನಾದ ಹಳ್ಳಿಯಿಂದ ಬಿಚ್ಚಿ ತಂದು ಜೋಡಿಸಿದ ಇಡೀ ಮನೆಯೂ ಒಳಗಿದೆ. ಹೊರಗೆ ಹೆಜ್ಜೆ ಇಡಲಾಗದ ಶನಿವಾರ ಒಳಗೆ ಉಸಿರಾಡಬಹುದು. ಅರ್ಧ ದಿನ ಇಲ್ಲಿಗೆ ಇಡಿ. ಎರಡು ದೆವ್ವದ ಮನೆಗಳ ಟಿಕೆಟ್ ಕಡಿಮೆ ಮಾಡಿದರೆ ನಷ್ಟವೇನಿಲ್ಲ.

*

ಹ್ಯಾಲೋವೀನ್ ಎಂದಮೇಲೆ ಮಿಠಾಯಿ ಬೇಕಲ್ಲ. ಡರ್ಬಿ ಸ್ಟ್ರೀಟಿನ 'ಯೀ ಓಲ್ಡ್ ಪೆಪ್ಪರ್ ಕ್ಯಾಂಡಿ' ಅಂಗಡಿ ಅಮೆರಿಕದ ಅತಿ ಹಳೆಯ ಮಿಠಾಯಿ ಕಂಪನಿ ಎಂದು ಹೆಸರಾದದ್ದು, ಮೂಲ 1806. ನಿಂಬೆ ಅಥವಾ ಪುದೀನ ಪರಿಮಳದ 'ಜಿಬ್ರಾಲ್ಟರ್' ಮಿಠಾಯಿ ಕೇಳಿ. ಮೊದಲು ಕಲ್ಲಿನಂತೆ ಗಟ್ಟಿ, ಬಾಯಲ್ಲಿಟ್ಟು ತಾಳ್ಮೆಯಿಂದ ಕಾದರೆ ಕರಗುತ್ತದೆ.

*

ಟೆಲಿಫೋನಿನಲ್ಲಿ ಪತ್ರಿಕೆಗೆ ಸುದ್ದಿ ಹೋದದ್ದು ಮೊದಲು ಸೇಲಂನಿಂದ. 1877ರ ಫೆಬ್ರವರಿ 12ರಂದು ಗ್ರಹಾಂ ಬೆಲ್ ಲೈಸಿಯಂ ಹಾಲ್‌ನಲ್ಲಿ ಪ್ರದರ್ಶನ ಕೊಟ್ಟ, ವರದಿ ತಂತಿಯಲ್ಲಿ ಮಾತಾಗಿಯೇ ಬಾಸ್ಟನ್ ತಲುಪಿತು. ಆ ಜಾಗ ಮೊದಲು ಗಲ್ಲಿಗೇರಿದ ಬ್ರಿಜೆಟ್ ಬಿಷಪ್‌ಳ ಹಣ್ಣಿನ ತೋಟವಾಗಿತ್ತು ಎನ್ನುತ್ತಾರೆ, ಈಗ ಮೀನಿನೂಟದ ಹೋಟೆಲು.

*

ಆ ಬ್ರಿಜೆಟ್ ಬಿಷಪ್ ಕಾನೂನಿನ ಲೆಕ್ಕದಲ್ಲಿ ನಿರಪರಾಧಿಯಾದದ್ದು ಯಾವಾಗ? 2001ರಲ್ಲಿ. 1711ರಲ್ಲೇ ಹಲವರ ಶಿಕ್ಷೆ ರದ್ದಾಗಿ ಮನೆಯವರಿಗೆ ಪರಿಹಾರ ಸಿಕ್ಕಿತ್ತು. ಪರವಾಗಿ ಕೇಳುವವರಿಲ್ಲದವರ ಹೆಸರು ಪಟ್ಟಿಯಲ್ಲಿ ಬರಲೇ ಇಲ್ಲ. ಬ್ರಿಜೆಟ್ ಸೇರಿ ಐವರು ಹೆಂಗಸರ ಹೆಸರು ಸೇರಿಸಿದ ಮಸೂದೆಗೆ ಹಂಗಾಮಿ ಗವರ್ನರ್ ಜೇನ್ ಸ್ವಿಫ್ಟ್ ಸಹಿ ಹಾಕಿದ ದಿನ 2001ರ ಅಕ್ಟೋಬರ್ 31. ಇನ್ನೂ ಒಬ್ಬಳು ಉಳಿದಿದ್ದಳು, ಎಲಿಜಬೆತ್ ಜಾನ್ಸನ್. ಗಲ್ಲು ಶಿಕ್ಷೆಯಾಗಿ, ಜಾರಿಯಾಗದೆ ಬದುಕಿದವಳು. ಮಕ್ಕಳಿಲ್ಲದ್ದರಿಂದ ಮುಂದೆ ಅವಳಿಗಾಗಿ ಅರ್ಜಿ ಹಾಕುವ ಸಂತತಿ ಇರಲಿಲ್ಲ. ನಾರ್ತ್ ಆಂಡೊವರ್‌ನ ಎಂಟನೇ ತರಗತಿಯ ಮಕ್ಕಳು ಟೀಚರ್ ಜೊತೆ ಸೇರಿ ಶಾಸಕರಿಗೆ ಪತ್ರ ಬರೆದು ಬರೆದು, 2022ರಲ್ಲಿ ಅವಳ ಹೆಸರನ್ನೂ ತೊಳೆಸಿದರು.

*

ಕೊನೆಗೆ ಬಟ್ಟೆ, ಗಡಿಯಾರ. ಅಕ್ಟೋಬರ್ ಕೊನೆಗೆ ಹಗಲು ಹದಿನೈದು ಡಿಗ್ರಿ ಇದ್ದರೆ ಪುಣ್ಯ, ರಾತ್ರಿ ಕಡಲ ಗಾಳಿಗೆ ಹಲ್ಲು ಕಟಕಟ. ಸೀರೆಯ ಮೇಲೆ ತೆಳು ಶಾಲು ಸಾಲದು, ದಪ್ಪ ಜಾಕೆಟ್ ಬೇಕು. ಬೀದಿಗೆ ಹಾಸಿದ ಇಟ್ಟಿಗೆ ಏರುತಗ್ಗು, ಚಪ್ಪಲಿ ಬೇಡ, ಬೂಟು ಹಾಕಿ. ವೇಷಕ್ಕೆ ಕತ್ತಿ, ಬಂದೂಕು ನಿಜದಂತೆ ಕಾಣುವುದಾದರೆ ಮನೆಯಲ್ಲೇ ಬಿಡಿ, ಪೊಲೀಸರಿಗೆ ಆ ತಮಾಷೆ ಇಷ್ಟವಾಗದು. 31ರಂದು ಸೂರ್ಯ ಮುಳುಗುವುದು ಸಂಜೆ ಐದೂಮುಕ್ಕಾಲಿನೊಳಗೆ.

ಅಂದಹಾಗೆ 2026 ಸೇಲಂನ ನಾನೂರನೆಯ ವರ್ಷ. ಆ ವರ್ಷದ ಅಕ್ಟೋಬರ್ 31 ಬರುವುದು ಶನಿವಾರ. ನವೆಂಬರಿನ ಮೊದಲ ಭಾನುವಾರ ನಸುಕಿನ ಎರಡು ಗಂಟೆಗೆ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಆ ಭಾನುವಾರ ನವೆಂಬರ್ 1, ಅಂದರೆ ಅದೇ ರಾತ್ರಿ. ದೆವ್ವಗಳಿಗೆ ಒಂದು ಗಂಟೆ ಓವರ್‌ಟೈಮ್. ಬಾಸ್ಟನ್‌ಗೆ ಹಿಂತಿರುಗುವ ಕೊನೆಯ ರೈಲಿನ ಸಮಯವನ್ನು ಬೆಳಿಗ್ಗೆ ಇಳಿದಾಗಲೇ ನಿಲ್ದಾಣದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ಆ ರಾತ್ರಿಯ ಟ್ಯಾಕ್ಸಿ ಬಾಡಿಗೆ ಕೇಳಿಯೇ ಎದೆ ಧಸಕ್ಕೆನ್ನುತ್ತದೆ.